45 ನಿಮಿಷದ ಡಯಲ್, 30 ಹಲ್ಲಿನ ಚಕ್ರ: ಹಳೆಯ ಕ್ರೋನೋಗ್ರಾಫ್ ಒಂದರ ದುರಸ್ತಿಯ ಪ್ರಕರಣ ಅಧ್ಯಯನ

ದಾವಣಗೆರೆಯ ಮಂಡಿಪೇಟೆಗೆ ಸಮೀಪದ ಓಣಿಯೊಂದರಲ್ಲಿ ನನ್ನ ದುರಸ್ತಿಯ ಮೇಜಿದೆ. ಅಲ್ಲಿಗೆ ಬರುವ ಗಡಿಯಾರಗಳಲ್ಲಿ ಹೆಚ್ಚಿನವು ಎಚ್‌ಎಂಟಿ. ಅವುಗಳ ಒಳಗನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸಬಲ್ಲೆ ಎನ್ನುವಷ್ಟು ಸಲುಗೆ ಬೆಳೆದಿದೆ. ಕೀ ಕೊಡುವ ಹಳೆಯ ಕ್ರೋನೋಗ್ರಾಫ್‌ಗಳು, ಅಂದರೆ ಪಕ್ಕದ ಬಟನ್ ಒತ್ತಿ ಕಾಲವನ್ನು ಅಳೆಯುವ ಗಡಿಯಾರಗಳು, ವರ್ಷಕ್ಕೆ ಬೆರಳೆಣಿಕೆಯಷ್ಟು ಬಂದರೆ ಹೆಚ್ಚು. ಇಲ್ಲಿ ವಿವರಿಸುತ್ತಿರುವುದು ಅಂಥ ಒಂದರ ಕಥೆ. ಒಡೆಯರ ಗುರುತು ಸಿಗಬಾರದೆಂದು ಕೆಲವು ವೈಯಕ್ತಿಕ ವಿವರಗಳನ್ನು ಬದಲಿಸಿದ್ದೇನೆ, ಗಡಿಯಾರದ ಬ್ರ್ಯಾಂಡಿನ ಹೆಸರನ್ನೂ ಬಿಟ್ಟಿದ್ದೇನೆ. ಯಂತ್ರಕ್ಕೆ ಸಂಬಂಧಿಸಿದ ವಿವರಗಳು ಮಾತ್ರ ಇದ್ದದ್ದು ಇದ್ದ ಹಾಗೆಯೇ ಇವೆ.

ಹಿನ್ನೆಲೆ

ಚಿತ್ರದುರ್ಗದಿಂದ ಬಂದ ಮಧ್ಯವಯಸ್ಸಿನ ಮಹಿಳೆಯೊಬ್ಬರು ಕರವಸ್ತ್ರದಲ್ಲಿ ಸುತ್ತಿದ್ದ ಗಡಿಯಾರವನ್ನು ಮೇಜಿನ ಮೇಲಿಟ್ಟರು. ಅದು ತೀರಿಕೊಂಡ ಅವರ ತಂದೆಯದು. ಆ ತಂದೆ ವೈದ್ಯರಾಗಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡು, ನಿವೃತ್ತಿಯವರೆಗೂ ಕಟ್ಟಿಕೊಂಡಿದ್ದರಂತೆ. ಕೆನೆಬಣ್ಣಕ್ಕೆ ತಿರುಗಿದ ಡಯಲ್, ಎಡಕ್ಕೆ ಸಣ್ಣ ಸೆಕೆಂಡಿನ ಮುಳ್ಳು, ಬಲಕ್ಕೆ 45 ನಿಮಿಷದವರೆಗೆ ಎಣಿಸುವ ಸಣ್ಣ ಡಯಲ್, ಅಂಚಿನಲ್ಲಿ ನಾಡಿಬಡಿತದ ಅಳತೆಪಟ್ಟಿ. ವೈದ್ಯರು ಬಟನ್ ಒತ್ತಿ 30 ಬಡಿತ ಎಣಿಸಿ ಮತ್ತೆ ಒತ್ತಿದರೆ ಸಾಕು, ಉದ್ದ ಮುಳ್ಳು ನಿಂತ ಕಡೆ ನಿಮಿಷಕ್ಕೆ ಎಷ್ಟು ಬಡಿತ ಎಂಬ ಉತ್ತರ ಮುದ್ರಿತವಾಗಿರುತ್ತದೆ: 30 ಬಡಿತಕ್ಕೆ 20 ಸೆಕೆಂಡು ಹಿಡಿದರೆ 90, 25 ಸೆಕೆಂಡು ಹಿಡಿದರೆ 72. ನಿಮಿಷದ ಸಣ್ಣ ಡಯಲ್‌ನಲ್ಲಿ 3, 6, 9ರ ಗೆರೆಗಳು ಉಳಿದವಕ್ಕಿಂತ ಉದ್ದವಾಗಿದ್ದವು. ದೂರದೂರಿಗೆ ಮಾಡುವ ಟ್ರಂಕ್ ಕರೆಗೆ 3 ನಿಮಿಷದ ಲೆಕ್ಕದಲ್ಲಿ ಶುಲ್ಕ ಬೀಳುತ್ತಿದ್ದ ಕಾಲದ ನೆನಪು ಆ ಗೆರೆಗಳಲ್ಲಿದೆ.

ದೂರು ಎರಡು. ಕ್ರೋನೋಗ್ರಾಫ್ ಚಾಲೂ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಇಡೀ ಗಡಿಯಾರವೇ ನಿಲ್ಲುತ್ತಿತ್ತು. ಸೊನ್ನೆಗೆ ಮರಳಿಸಿದಾಗ ಉದ್ದ ಮುಳ್ಳು 12ಕ್ಕೆ ಮುಟ್ಟದೆ ಒಂದು ಗೆರೆ ಹಿಂದೆಯೇ ಉಳಿಯುತ್ತಿತ್ತು. ಆಕೆ ಇನ್ನೊಂದು ಮಾತನ್ನೂ ಹೇಳಿದರು. ತಂದೆ ಕೊನೆಕೊನೆಗೆ ಉದ್ದ ಮುಳ್ಳನ್ನಷ್ಟೇ ಬಳಸುತ್ತಿದ್ದರು, ನಿಮಿಷದ ಸಣ್ಣ ಮುಳ್ಳಿನ ಕಡೆ ನೋಡುತ್ತಲೇ ಇರಲಿಲ್ಲ ಎಂದು. ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡೆ, ವಯಸ್ಸಾದವರ ಕಣ್ಣಿನ ತೊಂದರೆ ಇರಬೇಕೆಂದು ಎಣಿಸಿ ಮುಂದೆ ಸಾಗಿದೆ. ಈ ಪ್ರಕರಣದ ಅರ್ಧ ಉತ್ತರ ಆ ಸಾಲಿನಲ್ಲೇ ಇತ್ತು.

ಯಂತ್ರದ ಗುರುತು

ಹಿಂಬದಿ ತೆರೆಯುವ ಮೊದಲೇ ಬಟನ್‌ಗಳು ಸ್ವಲ್ಪ ಸುಳಿವು ಕೊಡುತ್ತವೆ. 1937ರಲ್ಲಿ ಬಂದು ಲಕ್ಷಾಂತರ ಗಡಿಯಾರಗಳಲ್ಲಿ ಕುಳಿತ ಲ್ಯಾಂಡೆರಾನ್ 48 ಎಂಬ ಸ್ವಿಸ್ ಯಂತ್ರದಲ್ಲಿ ಮೇಲಿನ ಬಟನ್ ಚಾಲೂ ಮಾಡಲಷ್ಟೇ ಇದೆ. ನಿಲ್ಲಿಸಲೂ ಸೊನ್ನೆಗೆ ತರಲೂ ಕೆಳಗಿನದನ್ನೇ ಒತ್ತಬೇಕು. ಈ ಗಡಿಯಾರದಲ್ಲಿ ಮೇಲಿನ ಬಟನ್ ಚಾಲೂ ಮಾಡುತ್ತಿತ್ತು, ಅದೇ ನಿಲ್ಲಿಸುತ್ತಲೂ ಇತ್ತು. ಹಾಗಾಗಿ ಲ್ಯಾಂಡೆರಾನ್ 48ರ ಸಾಧ್ಯತೆಯನ್ನು ಅಲ್ಲಿಗೇ ಬಿಟ್ಟೆ. ತೆರೆದು ನೋಡಿದರೆ ಬಟನ್ ಒತ್ತಿದಾಗ ಚಾಲೂ ಮಾಡುವ, ನಿಲ್ಲಿಸುವ ಭಾಗಗಳನ್ನು ನಿಯಂತ್ರಿಸುವ, ಕೋಟೆಯ ಬುರುಜಿನಂತೆ ಎದ್ದು ನಿಲ್ಲುವ ಕಾಲಮ್ ವ್ಹೀಲ್ ಇರಲಿಲ್ಲ, ಅದರ ಕೆಲಸವನ್ನು ಕ್ಯಾಮ್ ಎಂಬ ಚಪ್ಪಟೆಯಾದ, ಅಂಚು ಏರುಪೇರಾದ ತಗಡು ಮಾಡುತ್ತಿತ್ತು. ಅತ್ತಿತ್ತ ಆಡುತ್ತ ಗಡಿಯಾರದ ವೇಗವನ್ನು ಕಾಯುವ ಬ್ಯಾಲೆನ್ಸ್ ಚಕ್ರದ ಅಡಿಯಲ್ಲಿ 7730 ಎಂಬ ಸಂಖ್ಯೆ ಅಚ್ಚಾಗಿತ್ತು. ಅದು ವಾಲ್ಜೂ ಎಂಬ ಸ್ವಿಸ್ ಕಾರ್ಖಾನೆಯ ಯಂತ್ರದ ಸಂಖ್ಯೆ.

ಈ ವಾಲ್ಜೂ 7730ರ ವಂಶವನ್ನು ಸ್ವಲ್ಪ ಹೇಳಲೇಬೇಕು, ಏಕೆಂದರೆ ಮುಂದಿನ ತೊಡಕೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಸ್ವಿಟ್ಜರ್‌ಲೆಂಡಿನ ವೀನಸ್ ಕಾರ್ಖಾನೆ ಅಗ್ಗದಲ್ಲಿ ತಯಾರಿಸಬಹುದಾದ ಕ್ರೋನೋಗ್ರಾಫ್ ಎಂದು 188 ಎಂಬ ಮೂವ್‌ಮೆಂಟನ್ನು, ಅಂದರೆ ಗಡಿಯಾರದ ಒಳಗಿನ ಯಂತ್ರವನ್ನು, ಕ್ಯಾಮ್ ಪದ್ಧತಿಯಲ್ಲಿ ರೂಪಿಸಿತ್ತು. 1966ರಲ್ಲಿ ವೀನಸ್ ವಾಲ್ಜೂ ಕಾರ್ಖಾನೆಯೊಳಗೆ ಸೇರಿಹೋದಾಗ ಅದೇ 188 ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ 7730 ಎಂಬ ಹೆಸರು ಪಡೆಯಿತು. ಅದರಿಂದ 7733, ದಿನಾಂಕ ತೋರಿಸುವ 7734, 12 ಗಂಟೆಯವರೆಗೆ ಎಣಿಸುವ 7736 ಬಂದವು. 7734ರ ಯಂತ್ರೋಪಕರಣಗಳನ್ನು ಸೋವಿಯತ್ ಒಕ್ಕೂಟ ಕೊಂಡು, ಮಾಸ್ಕೋದಲ್ಲಿ ಪೋಲ್ಯೋಟ್ 3133 ಎಂದು ತಯಾರಿಸಿತು. ಸ್ವಿಸ್ ಮೂಲದಲ್ಲಿ ಸವೆತ ತಡೆಯಲು ಕೂರಿಸುವ ಕಲ್ಲುಗಳು 17 ಇದ್ದರೆ ಅದರಲ್ಲಿ 23, ಮೂಲ ಗಂಟೆಗೆ 18,000 ಬಾರಿ ಮಿಡಿದರೆ ಅದು 21,600 ಬಾರಿ ಮಿಡಿಯುತ್ತದೆ. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುವ ಇವುಗಳ ಬಿಡಿಭಾಗಗಳನ್ನು ಒಂದರದ್ದು ಇನ್ನೊಂದಕ್ಕೆ ತೊಡಿಸುವ ಆಸೆ ಯಾವ ದುರಸ್ತಿಗಾರನಿಗಾದರೂ ಬರುತ್ತದೆ. ಇದೇ ವೀನಸ್‌ನ 175 ಮಾತ್ರ ಬೇರೆಯೇ ಕವಲು. ಕಾಲಮ್ ವ್ಹೀಲ್ ಇರುವ ಆ ಮೂವ್‌ಮೆಂಟಿನ ಯಂತ್ರೋಪಕರಣಗಳು 1961ರಲ್ಲಿ ಚೀನಾದ ತಿಯಾಂಜಿನ್‌ಗೆ ಹೋದವು, ಇಂದಿನ ಸೀಗಲ್ ಎಸ್‌ಟಿ19 ಅದರ ಸಂತತಿ. ‘ವೀನಸ್ ಪಾರ್ಟು’ ಎಂದಷ್ಟೇ ಹೇಳಿ ಆರ್ಡರ್ ಮಾಡಿದರೆ ಏನು ಬೇಕಾದರೂ ಬರಬಹುದೆಂದು ತಿಳಿಯಲಿ ಎಂಬುದಕ್ಕಾಗಿ ಇದನ್ನು ಹೇಳಿದೆ.

ಮೊದಲ ದುರಸ್ತಿ

ನಿಲ್ಲುವ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಕ್ರೋನೋಗ್ರಾಫ್ ಚಾಲೂ ಆದಾಗ ಸೆಕೆಂಡಿನ ಚಕ್ರದ ಚಲನೆಯನ್ನು ಜೋಡಣೆಯ ಸಣ್ಣ ಚಕ್ರವೊಂದು ಪಕ್ಕದಿಂದ ಸರಿದುಬಂದು ಉದ್ದ ಮುಳ್ಳಿರುವ ನಡುವಿನ ಚಕ್ರಕ್ಕೆ ಮುಟ್ಟಿಸುತ್ತದೆ. ಆ ಚಕ್ರಗಳ ಹಲ್ಲು ಕೂದಲಿನಷ್ಟು ಸಣ್ಣವು; ಅವಕ್ಕೆ ಎಣ್ಣೆ ಹಾಕಬಾರದು. ಹಿಂದೆ ಯಾರೋ ಧಾರಾಳವಾಗಿ ಹಾಕಿದ್ದರು. ಎಣ್ಣೆ ಒಣಗಿ ಅಂಟಾಗಿ, ಹತ್ತಿಯ ನಾರಿನಂಥ ಎಳೆಗಳನ್ನು ಹಿಡಿದು ನಿಲ್ಲಿಸಿತ್ತು. ಹತ್ತಿ ಮಿಲ್ಲುಗಳ ಊರಿನಲ್ಲಿ ಬೆಳೆದವನಿಗೆ ಹತ್ತಿಯ ಎಳೆ ಹೊಸದಲ್ಲವಾದರೂ, ಐಗ್ಲಾಸಿನಡಿ ಹಲ್ಲುಗಳ ಸಂದಿಯಲ್ಲಿ ಅದು ಹಗ್ಗದಂತೆ ಬಿದ್ದಿರುವುದನ್ನು ಕಂಡಾಗ ಬೆರಗಾಗುತ್ತದೆ. ಇದರ ಮೇಲೆ, ಹಲ್ಲುಗಳು ಎಷ್ಟು ಆಳಕ್ಕೆ ಕೂಡಬೇಕೆಂದು ನಿರ್ಧರಿಸುವ ಎಕ್ಸೆಂಟ್ರಿಕ್ ಸ್ಕ್ರೂವನ್ನು ತಿರುಗಿಸಿ ಜೋಡಣೆಯನ್ನು ಮಿತಿ ಮೀರಿ ಆಳ ಮಾಡಲಾಗಿತ್ತು.

ಪೂರ್ತಿ ಬಿಚ್ಚಿ, ತೊಳೆದು, ಮೇನ್‌ಸ್ಪ್ರಿಂಗ್ ಬದಲಿಸಿ, ಎಣ್ಣೆ ಬೇಕಾದ ಕಡೆ ಮಾತ್ರ ಎಣ್ಣೆ ಇಟ್ಟು ಜೋಡಿಸಿದೆ. ಹಲ್ಲುಗಳ ಆಳವನ್ನು ಮೂರರಲ್ಲಿ ಎರಡು ಪಾಲಿಗೆ ತಂದೆ. ಡಯಲ್ ಮೇಲ್ಮುಖವಾಗಿದ್ದಾಗ ಬ್ಯಾಲೆನ್ಸಿನ ಬೀಸು 270 ಡಿಗ್ರಿ, ಕ್ರೋನೋಗ್ರಾಫ್ ಚಾಲೂ ಮಾಡಿದಾಗ 245. ಈ ಪದ್ಧತಿಯ ಜೋಡಣೆಯಲ್ಲಿ ಅಷ್ಟು ಇಳಿಯುವುದು ಸಹಜ. ಹೃದಯಾಕಾರದ ಕ್ಯಾಮ್‌ಗಳ ಮೇಲೆ ಬಡಿದು ಮುಳ್ಳುಗಳನ್ನು ಸೊನ್ನೆಗೆ ತರುವ ಹ್ಯಾಮರಿನ ಎರಡು ಮುಖಗಳಲ್ಲಿ ನಿಮಿಷದ ಕಡೆಯದು ಮೊದಲೇ ತಾಗಿ, ನಡುವಿನ ಕಡೆಯದು ಪೂರ್ತಿ ಕೂರುತ್ತಿರಲಿಲ್ಲ. ಅಲ್ಲಿ ಸಿಕ್ಕಿಕೊಂಡಿದ್ದ ಕೊಳೆಯನ್ನು ಕೆರೆದು ತೆಗೆದ ಮೇಲೆ ಬಹುಮಟ್ಟಿಗೆ ಸರಿಹೋಯಿತು. ಪೂರ್ತಿ ಸರಿಹೋಗಿರಲಿಲ್ಲ ಎಂಬುದು ಮುಂದೆ ತಿಳಿಯಿತು.

ಎರಡೂ ದೂರು ತೀರಿದವೆಂದು ಸಮಾಧಾನವಾಯಿತು. ಡಯಲ್ ಕೂರಿಸಿ ಮುಳ್ಳುಗಳನ್ನು ಹಾಕಿದೆ.

ನನ್ನ ತಪ್ಪು

ಬಟನ್ ಒತ್ತಿ ನೋಡುತ್ತ ಕುಳಿತೆ. ಉದ್ದ ಮುಳ್ಳು ಸುತ್ತಿ 58ನೇ ಸೆಕೆಂಡಿಗೆ ಬರುತ್ತಿದ್ದಂತೆ ನಿಮಿಷದ ಮುಳ್ಳು ಮೆಲ್ಲನೆ ಕದಲಿತು, 60ಕ್ಕೆ ಟಕ್ಕನೆ ಹಾರಿ ನಿಂತಿತು. ನಿಂತದ್ದು 1 ಮತ್ತು 2ರ ಗೆರೆಗಳ ನಡುವೆ. ಮುಳ್ಳನ್ನು ಸ್ವಲ್ಪ ಓರೆಯಾಗಿ ಒತ್ತಿದ್ದೇನೆ ಎಂದುಕೊಂಡು, ಎಬ್ಬಿಸಿ ಮತ್ತೆ ಹಾಕಿದೆ. ಈ ಸಲ 1ರ ಗೆರೆಗೆ ಸರಿಯಾಗಿ ಬಂತು, ಆದರೆ ಸೊನ್ನೆಗೆ ಮರಳಿಸಿದಾಗ ಸೊನ್ನೆಯ ಹಿಂದೆ ನಿಂತಿತು. ಮೂರನೆಯ ಸಲ ಎಬ್ಬಿಸಿ ಹಾಕಿದೆ. ಅಷ್ಟರಲ್ಲಿ ಮುಳ್ಳಿನ ಸಣ್ಣ ಕೊಳವೆ ಸಡಿಲವಾಗಿತ್ತು. ಅದನ್ನು ಬಿಗಿ ಮಾಡಲು ಒಂದು ಸಂಜೆ ಹಿಡಿಯಿತು. ಐವತ್ತು ವರ್ಷ ಹಳೆಯ ಮುಳ್ಳನ್ನು ಹೀಗೆ ಮೂರು ಬಾರಿ ಎಬ್ಬಿಸಿದ್ದು ಇಡೀ ಕೆಲಸದಲ್ಲಿ ನನಗೆ ಅತ್ಯಂತ ನೋವಿನ ಸಂಗತಿ.

ಸೊನ್ನೆಯಲ್ಲಿ ಕರಾರುವಾಕ್ಕಾಗಿ ನಿಲ್ಲುವ ಮುಳ್ಳು ಒಂದನೆಯ ನಿಮಿಷಕ್ಕೆ ಗೆರೆಗಳ ನಡುವೆ ನಿಂತರೆ ಮುಳ್ಳು ಓರೆಯಾಗಿರಲು ಸಾಧ್ಯವೇ ಇಲ್ಲ, ಹೆಜ್ಜೆಯ ಅಳತೆಯಲ್ಲೇ ದೋಷವಿದೆ ಎಂದು ಆಗಲೇ ಹೊಳೆಯಬೇಕಿತ್ತು. ಹೊಳೆಯದಿರಲು ಒಂದು ಕಾರಣವಿದೆ. ಎರಡನೆಯ ನಿಮಿಷಕ್ಕೆ ಆ ಮುಳ್ಳು ನೇರವಾಗಿ 3ರ ಉದ್ದ ಗೆರೆಯ ಮೇಲೆ ಹೋಗಿ ನಿಲ್ಲುತ್ತಿತ್ತು, ನಾಲ್ಕನೆಯದಕ್ಕೆ 6ರ ಮೇಲೆ. ಗಡಿಯಾರದ ಮುಂದೆ ಕುಳಿತೇ ಇರದೆ ನಡುನಡುವೆ ಬಂದು ಇಣುಕುವವನಿಗೆ ಮುಳ್ಳು ಅಚ್ಚುಕಟ್ಟಾಗಿ ಉದ್ದ ಗೆರೆಯ ಮೇಲಿರುವುದೇ ಕಾಣುತ್ತದೆ, ಅನುಮಾನಕ್ಕೆ ಎಡೆಯಿರುವುದಿಲ್ಲ.

ಮರುದಿನ ಬೆಳಗ್ಗೆ ಗೋಡೆಗಡಿಯಾರವನ್ನು ಪಕ್ಕದಲ್ಲಿಟ್ಟುಕೊಂಡು ಕಾಗದದ ಮೇಲೆ ಬರೆಯುತ್ತ ಹೋದೆ. 10 ನಿಮಿಷಕ್ಕೆ ಮುಳ್ಳು 15ರಲ್ಲಿ. 20ಕ್ಕೆ 30ರಲ್ಲಿ. 30 ನಿಮಿಷ ತುಂಬಿದಾಗ ಪೂರ್ತಿ ಒಂದು ಸುತ್ತು ಮುಗಿಸಿ ಸೊನ್ನೆಗೆ ಬಂದಿತ್ತು. 45 ಭಾಗ ಮಾಡಿದ ಡಯಲ್‌ನಲ್ಲಿ ಒಂದೊಂದು ಹೆಜ್ಜೆ 8 ಡಿಗ್ರಿ ಇರಬೇಕು, ಈ ಮುಳ್ಳು 12 ಡಿಗ್ರಿ ಇಡುತ್ತಿತ್ತು. ಮೂವ್‌ಮೆಂಟನ್ನು ಮತ್ತೆ ಹೊರತೆಗೆದು ನಿಮಿಷದ ಚಕ್ರದ ಹಲ್ಲುಗಳನ್ನು ಎಣಿಸಿದೆ. ಸರಿಯಾಗಿ 30.

ವೈದ್ಯರು ಆ ಮುಳ್ಳನ್ನು ನೋಡುವುದನ್ನು ಏಕೆ ಬಿಟ್ಟಿದ್ದರೆಂದು ಆಗ ಅರ್ಥವಾಯಿತು. ಅವರ ಕಣ್ಣಿಗೇನೂ ಆಗಿರಲಿಲ್ಲ.

ಡಯಲ್ ಬದಲಾದದ್ದೋ, ಚಕ್ರವೋ

ಈ ವಂಶದ ಮೂವ್‌ಮೆಂಟುಗಳನ್ನು 30 ನಿಮಿಷದ ಎಣಿಕೆಗೂ 45 ನಿಮಿಷದ ಎಣಿಕೆಗೂ ತಯಾರಿಸುತ್ತಿದ್ದರು. ಬ್ಯಾಲೆನ್ಸಿನ ಅಡಿಯ ಸಂಖ್ಯೆಯಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ, ಎರಡೂ 7730ಗಳೇ. ಸಣ್ಣ ಡಯಲ್‌ಗಳ ಜಾಗವೂ ಒಂದೇ ಆದ್ದರಿಂದ ಯಾವ ಡಯಲ್ ಬೇಕಾದರೂ ಯಾವುದರ ಮೇಲೂ ಕೂರುತ್ತದೆ. ಹಾಗಾಗಿ ಎರಡು ಸಾಧ್ಯತೆಗಳಿದ್ದವು: ಮೂಲತಃ 30 ನಿಮಿಷದ ಗಡಿಯಾರಕ್ಕೆ ಯಾರೋ 45ರ ಡಯಲ್ ಹಾಕಿರಬೇಕು, ಇಲ್ಲವೇ ಮೂಲತಃ 45ರ ಗಡಿಯಾರದೊಳಗೆ ಯಾರೋ 30ರ ಚಕ್ರ ಕೂರಿಸಿರಬೇಕು. ಮುಂದಿನ ಪ್ರತಿಯೊಂದು ನಿರ್ಧಾರವೂ ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿತ್ತು.

ಡಯಲ್‌ನ ಹಿಂಬದಿಯನ್ನು ಮೊದಲು ನೋಡಿದೆ. ಅದನ್ನು ಮೂವ್‌ಮೆಂಟಿಗೆ ಹಿಡಿದಿಡುವ ಕಾಲುಗಳೆರಡೂ ಮೂಲದವೇ, ಮರುಬೆಸುಗೆಯ ಗುರುತಿಲ್ಲ. ಅಂಚಿನ ಸುತ್ತ ಕೇಸಿನ ಉಂಗುರ ಒತ್ತಿ ಮೂಡಿದ್ದ ತೆಳುಗೆರೆ, ಅದೇ ಉಂಗುರದ ಒಂದು ಸಣ್ಣ ನೆಗ್ಗಿಗೆ ಎದುರಾಗಿ ಅಷ್ಟೇ ಸಣ್ಣದಾಗಿ ಬಾಗಿತ್ತು. ಆ ಡಯಲ್ ಆ ಕೇಸಿನಲ್ಲಿ ದಶಕಗಳ ಕಾಲ ಕುಳಿತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ನನಗೆ ಬೇಕಿರಲಿಲ್ಲ. ಇನ್ನು ಮೂವ್‌ಮೆಂಟಿನ ಕಡೆ ತಿರುಗಿದರೆ, ನಿಮಿಷದ ಚಕ್ರ, ಅದಕ್ಕೆ ಚಲನೆ ತಲುಪಿಸುವ ಸ್ಲೈಡಿಂಗ್ ಗೇರ್ ಮತ್ತು ಹಲ್ಲುಗಳ ನಡುವೆ ಕೊಕ್ಕಿಟ್ಟು ಚಕ್ರವನ್ನು ಹಿಡಿದು ನಿಲ್ಲಿಸುವ ಜಂಪರ್, ಈ ಮೂರರ ಲೋಹ ಮಾತ್ರ ಉಳಿದವಕ್ಕಿಂತ ಹೊಳಪಾಗಿತ್ತು. ಆ ಮೂರನ್ನು ಹಿಡಿದಿದ್ದ ಸ್ಕ್ರೂಗಳ ತಲೆ ಮಾತ್ರ ಕಿತ್ತುಹೋಗಿತ್ತು. ಹಿಂಬದಿಯ ಮುಚ್ಚಳದ ಒಳಗೆ, ದುರಸ್ತಿಗಾರರು ಸೂಜಿಯಿಂದ ಗೀಚುವ ಗುರುತುಗಳು ಮೂರಿದ್ದವು. ಕೊನೆಯದು 1980ರ ದಶಕದ್ದು. ಬಹುಶಃ ಆಗ ನಿಮಿಷದ ಚಕ್ರದ ಪಿವಟ್, ಅಂದರೆ ಅಚ್ಚಿನ ಸಣ್ಣ ತುದಿ, ಮುರಿದಿರಬೇಕು. ಕೈಗೆ ಸಿಕ್ಕ ಇನ್ನೊಂದು ಮೂವ್‌ಮೆಂಟಿನಿಂದ ಮೂರೂ ಭಾಗಗಳನ್ನು ಒಟ್ಟಿಗೆ ತೆಗೆದು ಹಾಕಿರಬೇಕು. ಆ ಕೆಲಸ ಮಾಡಿದವರ ಕೈ ಒರಟಾಗಿತ್ತು, ಆದರೆ ಮೂರನ್ನೂ ಒಟ್ಟಿಗೇ ಬದಲಿಸುವಷ್ಟು ತಿಳಿವಳಿಕೆ ಅವರಿಗಿತ್ತು. ಯಂತ್ರವಾಗಿ ಅದು ಚೆನ್ನಾಗಿಯೇ ಓಡುತ್ತಿತ್ತು. ತೋರಿಸುವ ಲೆಕ್ಕ ಮಾತ್ರ ತಪ್ಪಾಗಿತ್ತು.

ನಿರ್ಧಾರ

ಒಡತಿಗೆ ಫೋನ್ ಮಾಡಿ ಎಲ್ಲವನ್ನೂ ವಿವರಿಸಿದೆ, ಮುಳ್ಳನ್ನು ಮೂರು ಬಾರಿ ಎಬ್ಬಿಸಿದ್ದನ್ನೂ ಸೇರಿಸಿ. ಮೂರು ದಾರಿಗಳಿದ್ದವು. ಹಾಗೆಯೇ ಬಿಟ್ಟು, ‘ನೋಡಿದ್ದನ್ನು ಮೂರರಿಂದ ಭಾಗಿಸಿ ಎರಡರಿಂದ ಗುಣಿಸಿ’ ಎಂದು ಚೀಟಿ ಬರೆದುಕೊಡಬಹುದಿತ್ತು. ಎರಡನೆಯದು, 30 ನಿಮಿಷದ ಡಯಲ್ ಹುಡುಕಿ ಹಾಕುವುದು. ಸುಲಭವಾದದ್ದೂ ಬೇಗ ಮುಗಿಯುವಂಥದ್ದೂ ಅದೇ. ಮೂರನೆಯದು, 45 ಹಲ್ಲಿನ ಚಕ್ರ ಹುಡುಕುವುದು. ಅದಕ್ಕೆ ಎಷ್ಟು ಕಾಲ ಬೇಕೆಂದು ಮಾತು ಕೊಡಲಾರೆ ಎಂದೆ. ಆಕೆ ತುಸು ಹೊತ್ತು ಸುಮ್ಮನಿದ್ದು, “ಮುಳ್ಳು ಸುಳ್ಳು ಹೇಳೋದು ಬೇಡ, ಡಯಲ್ ಬದಲಾಗೋದೂ ಬೇಡ. ಎಷ್ಟು ದಿನ ಆದ್ರೂ ಆಗ್ಲಿ” ಎಂದರು.

ಹಲವು ದುರಸ್ತಿಗಾರರು ಇಂಥ ಕಡೆ ಒಡೆಯರನ್ನು ಕೇಳದೆ ಡಯಲ್ ಬದಲಿಸಿಬಿಡುತ್ತಾರೆ. ಹಾಗೆ ಮಾಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಚಕ್ರ ಯಾರ ಕಣ್ಣಿಗೂ ಬೀಳುವುದಿಲ್ಲ, ಡಯಲ್‌ನ ಮೇಲೆ ಒಬ್ಬ ಮನುಷ್ಯನ ದೃಷ್ಟಿ ಮೂವತ್ತು ವರ್ಷ ನೆಟ್ಟಿರುತ್ತದೆ.

ಎರಡು ಪ್ರಯತ್ನ

ಸ್ವಿಸ್ ಬಿಡಿಭಾಗಗಳ ಪಟ್ಟಿಯಲ್ಲಿ ನಿಮಿಷದ ಚಕ್ರಕ್ಕೆ 8020 ಎಂಬ ಸಂಖ್ಯೆ. ಆ ಸಂಖ್ಯೆ ಭಾಗದ ಕೆಲಸವನ್ನು ಹೇಳುತ್ತದೆ, ಹಲ್ಲಿನ ಲೆಕ್ಕವನ್ನು ಹೇಳುವುದಿಲ್ಲ. ಮೂವ್‌ಮೆಂಟಿನ ಸಂಖ್ಯೆಯನ್ನೂ ಎಷ್ಟು ನಿಮಿಷದ್ದು ಎಂಬುದನ್ನೂ ಜೊತೆಗೆ ಹೇಳಲೇಬೇಕು. ಮುಂಬೈನ ವ್ಯಾಪಾರಿಯೊಬ್ಬರಿಗೆ ಹಾಗೆಯೇ ಬರೆದು 45ರ ಚಕ್ರವೊಂದನ್ನು ತರಿಸಿದೆ. ಚಕ್ರ ಸರಿಯಾದದ್ದೇ ಬಂತು, ಆದರೂ ಗಡಿಯಾರ ಸರಿಹೋಗಲಿಲ್ಲ. ಹೆಚ್ಚುಕಡಿಮೆ ಅಷ್ಟೇ ಅಗಲದ ಚಕ್ರದಲ್ಲಿ 30ರ ಬದಲು 45 ಹಲ್ಲು ಕೊರೆದಾಗ ಒಂದೊಂದು ಹಲ್ಲೂ ಸಣ್ಣದಾಗುತ್ತದೆ. ಒಳಗಿದ್ದ ಸ್ಲೈಡಿಂಗ್ ಗೇರಿನ ದಪ್ಪ ಹಲ್ಲು ಈ ಸಣ್ಣ ಹಲ್ಲುಗಳ ಸಂದಿಗೆ ಇಳಿಯಲಾರದೆ, 58ನೇ ಸೆಕೆಂಡಿನಲ್ಲಿ ಮುಳ್ಳು ನಡುಗಿ ಅರ್ಧಕ್ಕೆ ನಿಲ್ಲುತ್ತಿತ್ತು, ಕೆಲವೊಮ್ಮೆ ಒಮ್ಮೆಗೇ ಎರಡು ಗೆರೆ ಹಾರುತ್ತಿತ್ತು. ಜಂಪರಿನ ಕೊಕ್ಕೂ ಅಗಲವಾಗಿ, ಹಲ್ಲುಗಳ ತುದಿಯ ಮೇಲೆ ಜಾರುತ್ತಿತ್ತು. ಎಕ್ಸೆಂಟ್ರಿಕ್ ತಿರುಗಿಸಿ ಹೇಗಾದರೂ ಹೊಂದಿಸೋಣವೆಂದು ಅರ್ಧ ದಿನ ಒದ್ದಾಡಿದೆ. ಹಿಂದಿನವರು ಏಕೆ ಮೂರನ್ನೂ ಒಟ್ಟಿಗೆ ಬದಲಿಸಿದ್ದರೆಂಬುದು ಆ ಒದ್ದಾಟದಲ್ಲಿ ಮನದಟ್ಟಾಯಿತು.

ಪೋಲ್ಯೋಟ್ 3133ರ ಭಾಗಗಳು ಅಗ್ಗಕ್ಕೆ ಸಿಗುತ್ತವೆಂದು ಒಬ್ಬರು ಸೂಚಿಸಿದರು. ಅದರ ಎಣಿಕೆ 30 ನಿಮಿಷದ್ದು. ನಮ್ಮ ಸಮಸ್ಯೆ ಇದ್ದಲ್ಲೇ ಇರುತ್ತಿತ್ತು.

ನಾಲ್ಕು ತಿಂಗಳ ನಂತರ ಬ್ಯಾಲೆನ್ಸ್ ಮುರಿದ ಒಂದು 7730 ಮಾರಾಟಕ್ಕಿದೆ ಎಂದು ತಿಳಿಯಿತು. ಡಯಲ್ ಇರಲಿಲ್ಲ, ಆದ್ದರಿಂದ 30ರದೋ 45ರದೋ ಹೇಳುವಂತಿರಲಿಲ್ಲ, ಮಾರುವವರಿಗೂ ಗೊತ್ತಿರಲಿಲ್ಲ. ನಿಮಿಷದ ಚಕ್ರದ ಫೋಟೋವನ್ನು ಹತ್ತಿರದಿಂದ ತೆಗೆದು ಕಳಿಸಲು ಕೇಳಿಕೊಂಡೆ. ಬಂದ ಫೋಟೋದಲ್ಲಿ ಚಕ್ರಗಳನ್ನು ಮೇಲಿನಿಂದ ಹಿಡಿದಿಡುವ ಲೋಹದ ಪಟ್ಟಿ, ಬ್ರಿಡ್ಜ್, ಅಡ್ಡವಾಗಿ ಚಕ್ರದ ಕಾಲು ಭಾಗ ಮಾತ್ರ ಕಾಣುತ್ತಿತ್ತು. ಪರದೆಯ ಮೇಲೆ ದೊಡ್ಡದು ಮಾಡಿ, ಪ್ರತಿ ಹಲ್ಲಿಗೂ ಒಂದು ಚುಕ್ಕೆ ಇಡುತ್ತ ಎಣಿಸಿದೆ: ಹನ್ನೊಂದು, ಅದರ ಮೇಲೆ ಚೂರು. 30ರ ಚಕ್ರವಾಗಿದ್ದರೆ ಏಳೂವರೆಗೆ ಮುಗಿಯುತ್ತಿತ್ತು. ಅಂದೇ ಹಣ ಕಳಿಸಿದೆ.

ಆ ಮೂವ್‌ಮೆಂಟಿನಿಂದ ಚಕ್ರ, ಸ್ಲೈಡಿಂಗ್ ಗೇರ್ ಮತ್ತು ಜಂಪರ್ ತೆಗೆದು ತೊಳೆದು ಕೂರಿಸಿದೆ. ಬಟನ್ ಒತ್ತಿದೆ. 60ಕ್ಕೆ ಮುಳ್ಳು 1ರ ಗೆರೆಯ ಮೇಲೆ ನಿಂತಿತು. 10 ನಿಮಿಷಕ್ಕೆ 10ರಲ್ಲಿ, 45 ನಿಮಿಷ ತುಂಬಿದಾಗ ಸೊನ್ನೆಯಲ್ಲಿ. ಇನ್ನೊಂದು ಬದಲಾವಣೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಸೊನ್ನೆಗೆ ಮರಳಿಸಿದಾಗ ಉದ್ದ ಮುಳ್ಳಿನಲ್ಲಿ ಆವರೆಗೂ ಉಳಿದಿದ್ದ ಎಳೆಯಷ್ಟು ಅಂತರ ಕೂಡ ಹೋಗಿತ್ತು. ಹಿಂದಿನ ಚಕ್ರದ ಹೃದಯಾಕಾರದ ಕ್ಯಾಮ್ ಹ್ಯಾಮರಿನ ನಿಮಿಷದ ಮುಖವನ್ನು ತುಸು ಮೊದಲೇ ತಡೆಯುತ್ತಿದ್ದದ್ದೇ ಅದಕ್ಕೆ ಕಾರಣ. ಕೊಳೆ ತೆಗೆದು ಸರಿಪಡಿಸಿದೆನೆಂದು ನಾನು ತಿಳಿದಿದ್ದ ಎರಡನೆಯ ದೂರಿನ ಬೇರು ಕೂಡ ಅಲ್ಲೇ ಇತ್ತು.

ನಂತರ ಬದಲಾದದ್ದು

ಈಗ ಯಾವ ಕ್ರೋನೋಗ್ರಾಫ್ ಬಂದರೂ ತೊಳೆಯುವ ಮುನ್ನ, ಮುಳ್ಳುಗಳನ್ನು ಎತ್ತುವ ಮುನ್ನ, ಸಣ್ಣ ಡಯಲ್‌ನ ಒಂದು ಪೂರ್ತಿ ಸುತ್ತು ಓಡಿಸಿ ಬರೆದುಕೊಳ್ಳುತ್ತೇನೆ. ಓಡದ ಗಡಿಯಾರವಾದರೆ ಬಿಚ್ಚಿದೊಡನೆ ಹಲ್ಲು ಎಣಿಸಿ ಡಯಲ್‌ನ ಗೆರೆಗಳೊಂದಿಗೆ ಹೋಲಿಸುತ್ತೇನೆ. ರಿಜಿಸ್ಟರಿನಲ್ಲಿ ಮೂವ್‌ಮೆಂಟಿನ ಸಂಖ್ಯೆಯ ಪಕ್ಕ ‘ಎಷ್ಟು ನಿಮಿಷ’ ಎಂಬ ಅಂಕಣ ಸೇರಿದೆ. ಬಳಸಿದವರು ಗಡಿಯಾರದ ಬಗ್ಗೆ ಆಡುವ ಮಾತನ್ನು, ಅದು ಯಂತ್ರಕ್ಕೆ ಸಂಬಂಧಿಸಿದ್ದಲ್ಲ ಎನಿಸಿದರೂ, ದೂರಿನ ಜಾಗದಲ್ಲೇ ಬರೆಯುತ್ತೇನೆ. ಆ ಒಂದು ಸಾಲಿಗೆ ಮೊದಲ ದಿನವೇ ಕಿವಿಗೊಟ್ಟಿದ್ದರೆ ಮುಳ್ಳನ್ನು ಮೂರು ಬಾರಿ ಎಬ್ಬಿಸುವ ಪ್ರಸಂಗ ಬರುತ್ತಿರಲಿಲ್ಲ.

ಹೊರತೆಗೆದ 30ರ ಚಕ್ರ, ಗೇರ್, ಜಂಪರ್ ಮೂರನ್ನೂ ಸಣ್ಣ ಪೊಟ್ಟಣದಲ್ಲಿ ಹಾಕಿ, ಮೇಲೆ ‘7730, 30 ನಿಮಿಷ, ಈ ಗಡಿಯಾರದಿಂದ ತೆಗೆದದ್ದು’ ಎಂದು ಬರೆದು ಒಡತಿಗೆ ಕೊಟ್ಟೆ. ಅವರು ಅಂಗಡಿಯಲ್ಲೇ ಗಡಿಯಾರ ಕಟ್ಟಿಕೊಂಡು, ಎಡಗೈಯ ನಾಡಿಯ ಮೇಲೆ ಬೆರಳಿಟ್ಟು, ತಂದೆ ಕಲಿಸಿದಂತೆ 30 ಬಡಿತ ಎಣಿಸಿ ಬಟನ್ ಒತ್ತಿದರು. ಮುಳ್ಳು 80ರ ಹತ್ತಿರ ನಿಂತಿತು.